ಬೀಗ ಹಾಕಿದ ಗ್ರೂಪಿನಲ್ಲಿ ಶಬಾನಾಳ ರಿಪೋರ್ಟು

ಎರಡು ವರ್ಷದ ಹಿಂದೆ, ದೀಪಾವಳಿ ರಜೆ ಮುಗಿಸಿ ಕೆಲಸಕ್ಕೆ ಮರಳಿದ ವಾರ ನಡೆದದ್ದು ಇದು. ಈಗಲೂ ನೆನಪಾದರೆ ಮೈ ಉರಿಯುತ್ತದೆ.

ನಾನು ಸಿದ್ದಾಪುರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಮನ್ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಲ್ಯಾಬಿನ ಮುಖ್ಯ ಕಚೇರಿ ಶಿರಸಿಯಲ್ಲಿದೆ, ಯಲ್ಲಾಪುರದಲ್ಲಿ ಇನ್ನೊಂದು ಶಾಖೆ. ಮೊದಲು ಮೂರೂ ಊರಿನವರ ಮಾತುಕತೆ ಫೋನಿನ ಮಾಮೂಲಿ ಮೆಸೇಜ್ ಗ್ರೂಪಿನಲ್ಲೇ ನಡೆಯುತ್ತಿತ್ತು. ಒಮ್ಮೆ ಯಾರೋ ರೋಗಿಯೊಬ್ಬರ ರಿಪೋರ್ಟನ್ನು ಕೈತಪ್ಪಿ ತಮ್ಮ ನೆಂಟರ ಗ್ರೂಪಿಗೆ ಹಾಕಿ ದೊಡ್ಡ ರಂಪವಾಯಿತು. ಆಮೇಲೆ ನಮ್ಮ ಮ್ಯಾನೇಜರು ಕಚೇರಿಗೆಂದೇ ಒಂದು ಹೊಸ ಆಪ್ ತರಿಸಿದರು.

ಅವರು ಹಾವೇರಿ ಕಡೆಯವರು. ನಮ್ಮನ್ನೆಲ್ಲ ಶಿರಸಿಗೆ ಕರೆಸಿ ವಿವರಿಸಿದರು. "ನೋಡ್ರಿ, ಇದಕ್ಕ ಎರಡೂ ತುದೀಗೆ ಬೀಗ ಐತಿ. ಕಳಿಸಿದಾವ ಮತ್ತ ಗ್ರೂಪಿನಾಗ ಇದ್ದಾವ, ಇಷ್ಟ ಮಂದಿ ಓದಬಹುದು. ಆಪ್ ಮಾಡಿದ ಕಂಪನಿಯವ್ರಿಗೂ ಓದಾಕ ಬರಂಗಿಲ್ಲ." ಪರದೆಯ ಚಿತ್ರ ತೆಗೆಯಲು ಬರುವುದಿಲ್ಲ, ಹಾಕಿದ ಸಂದೇಶ ಮರುದಿನ ತಾನಾಗಿಯೇ ಅಳಿಸಿಹೋಗುತ್ತದೆ ಎಂದೂ ಹೇಳಿದರು. ರೋಗಿಗಳ ಗುಟ್ಟು ಕಾಯಲು ಒಳ್ಳೆಯದೇ ಆಯಿತೆಂದು ನಾನೂ ಸಂತೋಷಪಟ್ಟಿದ್ದೆ.

ಶಬಾನಾ ಯಲ್ಲಾಪುರ ಶಾಖೆಯ ಕೌಂಟರಿನಲ್ಲಿ ಕೂರುವವಳು. ಅವಳ ಅಪ್ಪ ಲಾರಿ ಓಡಿಸುತ್ತಾರೆ. ಶಿರಸಿಯಲ್ಲಿ ತರಬೇತಿಗೆ ಒಟ್ಟಿಗೆ ಇದ್ದಾಗ ನನಗೆ ಸ್ನೇಹಿತೆಯಾದಳು. ಆ ಸಲ ಹಬ್ಬಕ್ಕೆ ಮೊದಲು ಅವಳ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತ್ತು. ಆಸ್ಪತ್ರೆಯ ಡಾಕ್ಟರು ಸೂಜಿಯಿಂದ ಮಾದರಿ ತೆಗೆಸಿ ನಮ್ಮ ಲ್ಯಾಬಿನಲ್ಲೇ ಪರೀಕ್ಷೆಗೆ ಕೊಟ್ಟಿದ್ದರು. "ಕ್ಯಾನ್ಸರ್ ಅಂದ್ರೆ ಏನ್ ಮಾಡ್ಲಿ ಅಕ್ಕಾ?" ಎಂದು ಫೋನಿನಲ್ಲಿ ಕೇಳಿದ್ದಳು. ಹೇಗೋ ಸಮಾಧಾನ ಹೇಳಿದ್ದೆ.

ಆ ದಿನ ಬೆಳಿಗ್ಗೆ ರಕ್ತ ತೆಗೆಯುತ್ತಿದ್ದೆ. ಮೇಜಿನ ಮೇಲಿದ್ದ ಫೋನ್ ಸದ್ದು ಮಾಡಿತು. ಕೈಗವಸು ತೆಗೆದು ನೋಡಿದರೆ ಗ್ರೂಪಿನಲ್ಲಿ ಮ್ಯಾನೇಜರರ ಸಂದೇಶ: "ಯಲ್ಲಾಪುರದ ಶಬಾನಾ ಅವರಿಗೆ ಟಿಬಿ ಇರುವುದು ಖಚಿತ. ಎಲ್ಲರೂ ಅಂತರ ಕಾಯ್ದುಕೊಳ್ಳಿ." ಕೆಳಗೆ ಅವಳ ಹೆಸರು, ವಯಸ್ಸು ಎಲ್ಲ ಇರುವ ರಿಪೋರ್ಟು.

ತಕ್ಷಣ ಅವಳಿಗೆ ಫೋನ್ ಮಾಡಿದೆ. "ನಂಗೂ ಈಗ್ಲೇ ಗೊತ್ತಾಗಿದ್ದು ಅಕ್ಕಾ, ಗ್ರೂಪ್ ನೋಡಿ" ಎಂದಳು.

ಅವಳ ಕಾಯಿಲೆ ಏನೆಂದು ಆಸ್ಪತ್ರೆಯ ಡಾಕ್ಟರು ಅವಳಿಗಿನ್ನೂ ಹೇಳಿರಲಿಲ್ಲ. ರಿಪೋರ್ಟು ಮೊದಲು ಮ್ಯಾನೇಜರರ ಕಂಪ್ಯೂಟರಿಗೆ ಬಂದಿತ್ತು, ಅವರು ನೇರ ಎಲ್ಲರಿಗೂ ಹಂಚಿದ್ದರು. ಅದೂ ಎಂಥ ಟಿಬಿ? ಕುತ್ತಿಗೆಯ ಗಂಟಿನದು. ಪಕ್ಕದಲ್ಲಿ ಕೂತರೆ, ಒಟ್ಟಿಗೆ ಉಂಡರೆ ಅದು ಹರಡುವುದಿಲ್ಲ. ಲ್ಯಾಬಿನಲ್ಲಿ ಕೆಲಸ ಮಾಡುವ ನಮಗೆ ಇದು ಗೊತ್ತಿರಬೇಕಾದ ಮಾತು. ಆದರೂ ಅವಳ ಶಾಖೆಯವರೇ ಅವಳ ಎದುರಿನಲ್ಲಿ ಕುರ್ಚಿಗೆ ಸ್ಯಾನಿಟೈಸರ್ ಹಚ್ಚಿ ಒರೆಸಿದರಂತೆ. ಸಂಜೆಯೊಳಗೆ ಪಕ್ಕದ ಮನೆಯವರು ಅವಳ ಅಮ್ಮನನ್ನು, "ಮಗಳಿಗೆ ಅದಂತೆ, ಹೌದಾ?" ಎಂದು ಕೇಳಿದ್ದರು. ಬೀಗವಿದ್ದದ್ದು ಆಪಿಗೆ, ಜನರ ಬಾಯಿಗಲ್ಲ.

ಮ್ಯಾನೇಜರರಿಗೆ ಫೋನ್ ಮಾಡಿ, "ಹೀಗೆ ಹಾಕಬಹುದಾ ಸರ್?" ಎಂದು ಕೇಳಿದೆ.

"ಹೊರಗ ಯಾರಿಗೂ ಹೋಗಿಲ್ಲಲ್ರಿ. ನಮ್ಮ ಗ್ರೂಪು ಎಷ್ಟು ಸೇಫ್ ಐತಿ ಅಂತ ನಿಮಗ ಗೊತ್ತೈತಲ್ಲ" ಎಂದು ಫೋನಿಟ್ಟರು.

ಮನೆಯಲ್ಲಿ ಹೇಳಿದಾಗ ನನ್ನ ಗಂಡ, "ನೀ ಎಂತಕ್ಕೆ ಮಧ್ಯ ಬಾಯಿ ಹಾಕ್ತೆ?" ಎಂದರು. ಅತ್ತೆ ಮಾತ್ರ ಅವರನ್ನು ಸುಮ್ಮನಿರಿಸಿ, "ಆ ಕೂಸು ಊಟ ಮಾಡಿದ್ದಾ ಕೇಳಿದ್ಯನೇ?" ಎಂದರು. ನಾನು ಕೇಳಿರಲಿಲ್ಲ. ಮತ್ತೆ ಫೋನ್ ಮಾಡಿದೆ. ಅವಳು ಎತ್ತಲಿಲ್ಲ.

ಲ್ಯಾಬಿನ ಮಾಲೀಕರಾದ ಡಾಕ್ಟರು ಆಗ ಪರವೂರಿನಲ್ಲಿದ್ದರು, ಗ್ರೂಪ್ ನೋಡಿರಲಿಲ್ಲ. ಅವರು ಬಂದ ಮೇಲೆ ನಾನೇ ವಿಷಯ ತಿಳಿಸಿದೆ. ಶಿರಸಿಯಲ್ಲಿ ಸಭೆ ಕರೆದರು. ಶಬಾನಾ ಬರಲಿಲ್ಲ.

ಸಭೆಯಲ್ಲಿ ಮ್ಯಾನೇಜರು ಆಡಿದ ಮಾತು ಕೇಳಿ ನಾನು ದಂಗಾದೆ. "ಮಾಸ್ಕ್ ಹಾಕ್ಕೊಳ್ರಿ ಅಂತ ಹೇಳೀನಿ ಸರ್. ಹೆಸರು ತಗೊಂಡಿಲ್ಲ. ರಿಪೋರ್ಟ್ ಅಂತೂ ಹಾಕೇ ಇಲ್ಲ. ಹಾಕಿದ್ರ ತೋರಸ್ಲಿ." ಯಾರು ತೋರಿಸುವುದು, ಏನನ್ನು? ಸಂದೇಶ ಮರುದಿನವೇ ಅಳಿಸಿಹೋಗಿತ್ತು. ಒಬ್ಬ ಹುಡುಗಿಯ ಮಾನ ಕಾಯದ ಆ ಆಪ್ ಅವರನ್ನು ಮಾತ್ರ ಚೆನ್ನಾಗಿ ಕಾಯುತ್ತಿತ್ತು.

ನಾನು ಎದ್ದು ನಿಂತೆ. "ತೋರಿಸೋಕೆ ನನ್ನ ಹತ್ರ ಏನೂ ಇಲ್ಲ ಸರ್. ಆದ್ರೆ ಓದಿದ್ದು ನಾನು. ಅವಳ ಹೆಸರಿತ್ತು, ರಿಪೋರ್ಟೂ ಇತ್ತು" ಎಂದೆ.

ಡಾಕ್ಟರು ಉಳಿದವರ ಮುಖ ನೋಡಿದರು. ಎಲ್ಲರೂ ತಲೆ ತಗ್ಗಿಸಿದ್ದರು. ಶಬಾನಾಳ ಪಕ್ಕದ ಕುರ್ಚಿಯಲ್ಲೇ ಕೂರುವವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಆ ಮೌನವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಕೊನೆಗೆ ಮಾತಾಡಿದ್ದು ಮಂಜಣ್ಣ. ಯಲ್ಲಾಪುರದಿಂದ ಶಿರಸಿಗೆ ಮಾದರಿ ಪೆಟ್ಟಿಗೆ ತರುವ ವ್ಯಾನಿನ ಚಾಲಕರು, ವಜ್ರಳ್ಳಿಯವರು. "ನಾನೂ ಓದಿದ್ದೆ ಸಾರ್. ನಮ್ಮನೇಲಿ ಹೆಂಡ್ತಿಗೂ ಓದಿ ಹೇಳ್ದೆ. ಅದು ನಂದೂ ತಪ್ಪೇಯ. ಆದ್ರೆ ಹೆಸರಿರ್ಲಿಲ್ಲ ಅನ್ನೂದು ಸುಳ್ಳು." ಅವರು ಹೇಳಿದ ಮೇಲೆ ಇನ್ನಿಬ್ಬರು ಬಾಯಿ ಬಿಟ್ಟರು.

ಮ್ಯಾನೇಜರರ ಮುಖ ಕಪ್ಪಿಟ್ಟಿತು. ಡಾಕ್ಟರು, "ಸರಿ, ಗ್ರೂಪಿನಲ್ಲಿ ಒಂದು ಕ್ಷಮೆ ಹಾಕಿಬಿಡಿ" ಎಂದರು.

ನನಗೆ ಎಲ್ಲಿಂದ ಧೈರ್ಯ ಬಂತೋ. "ಗ್ರೂಪಲ್ಲಿ ಬೇಡ ಸರ್. ನಾಳೆ ಅದೂ ಇರೂದಿಲ್ಲ. ಅವಳ ಎದುರಿಗೇ ಹೋಗಿ ಹೇಳ್ಲಿ" ಎಂದೆ.

ಮರುದಿನ ಡಾಕ್ಟರು ತಮ್ಮ ಕಾರಿನಲ್ಲೇ ಮ್ಯಾನೇಜರರನ್ನೂ ನನ್ನನ್ನೂ ಯಲ್ಲಾಪುರಕ್ಕೆ ಕರೆದುಕೊಂಡು ಹೋದರು. ಶಬಾನಾಳ ಅಮ್ಮ ಚಹಾ ಕೊಟ್ಟರು. ಮ್ಯಾನೇಜರು ಲೋಟ ಮುಟ್ಟಲಿಲ್ಲ. ನೆಲ ನೋಡುತ್ತ, "ತಪ್ಪಾತವ್ವಾ" ಎಂದರು.

ಶಬಾನಾ ಅಳಲಿಲ್ಲ, ಬೈಯಲೂ ಇಲ್ಲ. "ನಿಮ್ಗೆ ಮೊದ್ಲು ಗೊತ್ತಾಯ್ತಲ್ಲ ಸರ್. ನಂಗೊಂದು ಫೋನ್ ಮಾಡ್ಬಹುದಿತ್ತು. ನನ್ನ ನಂಬರ್ ಇತ್ತಲ್ಲ ನಿಮ್ಮತ್ರ" ಎಂದಳು.

ಮ್ಯಾನೇಜರರ ಕೆಲಸವೇನೂ ಹೋಗಲಿಲ್ಲ. ಸಿಬ್ಬಂದಿಯ ರಿಪೋರ್ಟು ಇನ್ನು ಮುಂದೆ ಡಾಕ್ಟರಿಗೆ ಮಾತ್ರ ಕಾಣುವಂತೆ ಮಾಡಿದರು, ಅಷ್ಟೇ. ಆ ಗ್ರೂಪಿನಲ್ಲಿ ಮ್ಯಾನೇಜರು ಈಗಲೂ ದಿನಾ ಬೆಳಿಗ್ಗೆ ಶುಭೋದಯ ಹೇಳುತ್ತಾರೆ. ನಾನು ಉತ್ತರಿಸುವುದಿಲ್ಲ.

ಶಬಾನಾ ತಿಂಗಳುಗಟ್ಟಲೆ ಮಾತ್ರೆ ನುಂಗಿ ಪೂರ್ತಿ ಗುಣವಾದಳು. ಮತ್ತೆ ಅದೇ ಕೌಂಟರಿಗೆ ಬಂದಿದ್ದಾಳೆ. ಕಳೆದ ತಿಂಗಳು ನಾನು ಕೆಲಸದ ಮೇಲೆ ಯಲ್ಲಾಪುರಕ್ಕೆ ಹೋಗಿದ್ದೆ. ಮಧ್ಯಾಹ್ನ ಎಲ್ಲರೂ ಉದ್ದ ಮೇಜಿನ ಸುತ್ತ ಡಬ್ಬಿ ಬಿಚ್ಚಿದರು. ಶಬಾನಾ ತನ್ನ ಡಬ್ಬಿ ಹಿಡಿದು ಮೂಲೆಯ ಸ್ಟೂಲಿಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂತಳು. ಈಗ ಯಾರೂ ಅವಳನ್ನು ದೂರ ಕೂರು ಎನ್ನುವುದಿಲ್ಲ. "ಇಲ್ಲೇ ಬಾರೇ" ಎಂದು ಕರೆದೆ. "ಅಭ್ಯಾಸ ಆಗ್ಬಿಟ್ಟಿದೆ ಅಕ್ಕಾ" ಎಂದು ನಕ್ಕಳು.

ನಾನು ನನ್ನ ಡಬ್ಬಿ ಎತ್ತಿಕೊಂಡು ಹೋಗಿ ಅವಳ ಪಕ್ಕ ನೆಲದ ಮೇಲೆ ಕೂತೆ. ಮೇಜಿನ ಸುತ್ತ ಕೂತವರ ಕಡೆ ನೋಡಲೂ ಇಲ್ಲ, ಅಷ್ಟು ಸಿಟ್ಟು ಬಂದಿತ್ತು.