ಶಹಾಪುರದ ಹುಗ್ಗಿ

ನಾನಾಗ ಇನ್ನೂ ಚಿಕ್ಕವಳು, ಖಾನಾಪುರದ ಹತ್ತಿರದ ನಮ್ಮ ಹಳ್ಳಿಯ ಶಾಲೆಯಲ್ಲಿ ನಾಲ್ಕನೇ ಇಯತ್ತೆ. ಅಕ್ಕನಿಗೆ ಬೆಳಗಾವಿಯ ಶಹಾಪುರದಿಂದ ಒಂದು ಸಂಬಂಧ ಬಂದಿತ್ತು. ವರನ ಮನೆ ನೋಡಲು ಅಪ್ಪ ನನ್ನನ್ನೂ ಕರೆದುಕೊಂಡು ಹೊರಟರು. ಅಂಥ ಹೊತ್ತಿನಲ್ಲಿ ಮದುವೆಯ ಹುಡುಗಿ ಹೋಗುವ ಪದ್ಧತಿ ಇರಲಿಲ್ಲ. ಅಕ್ಕ ನನ್ನ ಜಡೆ ಹೆಣೆಯುತ್ತ ಕಿವಿಯಲ್ಲಿ ಹೇಳಿದಳು: “ಅಪ್ಪಗ ಎಲ್ಲಾರೂ ಛಲೋನ ಕಾಣತಾರ. ನೀ ಕಣ್ಣ ತೆರದು ನೋಡು. ಆ ಮನ್ಯಾಗ ನಾ ಇರಾಕ ಆಕೈತೋ ಇಲ್ಲೋ, ಬಂದು ಖರೇ ಹೇಳು.”

ಅದಕ್ಕೇ ನಾನು ಎಲ್ಲವನ್ನೂ ಸಂಶಯದಿಂದಲೇ ನೋಡಿದೆ. ವರನ ಮನೆಯ ಮುಂದಿನ ಖೋಲಿಯಲ್ಲಿ ಎರಡು ಮಗ್ಗಗಳಿದ್ದವು. ವರನ ತಾಯಿ ತುಂಬ ನಗುತ್ತಿದ್ದರು. ಇಷ್ಟೇಕೆ ನಗುತ್ತಾರೆ? ಒಳಗಿನ ಬಾಗಿಲು ಏಕೆ ಮುಚ್ಚಿದೆ? ಊಟಕ್ಕೆ ಗೋಧಿ ಹುಗ್ಗಿ ಬಡಿಸಿ, ಮೇಲೆ ತುಪ್ಪ ಹಾಕಿದರು. ಬಾಯಿಗಿಟ್ಟರೆ ಬೆಲ್ಲದ ಸಿಹಿಯ ಹಿಂದೆಯೇ ಕಮಟು ಎಣ್ಣೆಯ ವಾಸನೆ ಗಂಟಲಿಗೆ ಬಡಿಯಿತು. ಆ ತಾಯಿ ತಾವು ಉಣ್ಣದೆ ನಮ್ಮ ತಾಟುಗಳನ್ನೇ ನೋಡುತ್ತಿದ್ದರು. ಇದೇನೋ ಪರೀಕ್ಷೆ ಎಂದು ನನಗೆ ಖಾತ್ರಿಯಾಯಿತು. ಅಪ್ಪನೂ ಒಮ್ಮೆ ಮುಖ ಕಿವುಚಿದರು. ಆದರೂ “ಭಾಳ ಛಲೋ ಆಗೇದ್ರಿ” ಎಂದು ಎರಡನೇ ಸಲ ಹಾಕಿಸಿಕೊಂಡರು.

“ಯಾಕವಾ ತಂಗಿ, ಸೇರಲಿಲ್ಲೇನು?” ಎಂದರು ಆ ತಾಯಿ. ಅಪ್ಪ ಮೊಣಕೈಯಿಂದ ತಿವಿದರು. ನಾನು ಹೊರಗಿನವರೆದುರು ಬಾಯಿ ಬಿಡದ ಹುಡುಗಿ. ಆದರೆ ಅಕ್ಕ ದಿನಾ ಇಲ್ಲಿಯೇ ಉಣ್ಣಬೇಕಲ್ಲ! ತಲೆ ತಗ್ಗಿಸಿ, “ಎಣ್ಣಿ ವಾಸನಿ ಬರತೈತ್ರಿ” ಎಂದೆ.

ಅವರು ಬೆರಳದ್ದಿ ನೆಕ್ಕಿದರು. ಮುಖ ಬಿಳಿಚಿತು. ಬದಿಗೆ ನಿಂತಿದ್ದ ವರನ ಕಡೆ ತಿರುಗಿ, “ಹುಗ್ಗಿಗೆ ಯಾವ ಪಾತೇಲಿ ಇಳಿಸಿಕೊಟ್ಟಿಯೋ? ಇದು ನೂಲಿನ ಗಂಜಿ ಕಾಸೂ ಪಾತ್ರಿ ಐತಲ್ಲೋ!” ಎಂದರು. ನೂಲಿಗೆ ಹಚ್ಚುವ ಆ ಗಂಜಿಗೆ ಎಣ್ಣೆ ಬೆರೆಸುತ್ತಾರೆ. ಮಗ್ಗದ ಮನೆಯಲ್ಲಿ ಅದರ ವಾಸನೆ ಸದಾ ಇರುವುದರಿಂದ ಅವರ ಮೂಗಿಗೆ ಗೊತ್ತೇ ಆಗಿರಲಿಲ್ಲ.

ಆಮೇಲೆ ಅವರು ಅಪ್ಪನನ್ನು ನೋಡಿದರು. ನಗು ಹೋಗಿತ್ತು. “ಅಲ್ರೀ, ಇದನ್ನ ಛಲೋ ಅಂದ್ರಿ. ಮಗಳು ಅಡಗಿ ಭಾಳ ಛಂದ ಮಾಡತಾಳ ಅಂದಿದ್ದೂ ಹಿಂಗ ಏನು?”

ಸಂಬಂಧ ಮುರಿಯಿತು ಎಂದುಕೊಂಡೆ. “ನೀ ಹೇಳವಾ” ಎಂದು ಅವರು ನನ್ನನ್ನೇ ಕೇಳಿದರು.

“ರೊಟ್ಟಿ ಹೊತ್ತಸತಾಳ್ರಿ,” ಎಂದೆ. “ಹೊತ್ತಿದ್ದು ಮಾತ್ರ ತಾನ ತಿಂತಾಳ. ನಮಗ ಛಲೋದು ಹಾಕತಾಳ.”

ವರ ಗೊಳ್ಳೆಂದು ನಕ್ಕುಬಿಟ್ಟರು. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ಗಂಜಿ ಹುಗ್ಗಿ, ಹೊತ್ತಿದ ರೊಟ್ಟಿ. ಜೋಡಿ ಸರಿ ಆತು ಬಿಡ್ರಿ. ಏಳ್ರಿ, ಮೊಸರನ್ನ ಕಲಸತೇನಿ.”

ಮನೆಗೆ ಬಂದು ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ರೊಟ್ಟಿಯ ಮಾತಿಗೆ ತೊಡೆ ಚಿವುಟಿದಳು. ಆಮೇಲೆ, “ಅವರಿಗೆ ಸಿಟ್ಟು ಬಂತೇನು?” ಎಂದಳು. “ಇಲ್ಲ, ನಕ್ಕರು” ಎಂದೆ. “ಹಂಗಾರ ಅಪ್ಪಗ ಹೂಂ ಅಂತ ಹೇಳು” ಎಂದು ಒಳಗೆ ಓಡಿದಳು.

ಈಗಿನ ಮೊಮ್ಮಕ್ಕಳು ನೀವು, ಹೊರಗಿನಿಂದ ಊಟ ತರಿಸಿ, ಸೇರದಿದ್ದರೆ ಫೋನಿನಲ್ಲಿ ಒಂದೇ ಸ್ಟಾರ್ ಒತ್ತಿಬಿಡುತ್ತೀರಿ. ಮಾಡಿದವರ ಮುಖ ನಿಮಗೆ ಕಾಣುವುದಿಲ್ಲ. ನನ್ನೆದುರು ಮಾತ್ರ ಎಲ್ಲದಕ್ಕೂ ‘ಸೂಪರ್, ಅಜ್ಜಿ’. ಈಚೆಗೆ ನನ್ನ ನಾಲಿಗೆಗೆ ಉಪ್ಪು ಸರಿಯಾಗಿ ತಿಳಿಯುವುದಿಲ್ಲ, ಮಕ್ಕಳೇ. ನಿನ್ನೆ ನನ್ನ ಸಾರು ಉಂಡ ಮೇಲೆ ನೀವಿಬ್ಬರೂ ಎರಡೆರಡು ತಂಬಿಗೆ ನೀರು ಕುಡಿದಿರಿ. ನಾನು ನೋಡಿದೆ.