ಎಲುಬುಮುರುಕ ಜ್ವರದ ಬೀಗರು

ಬನಹಟ್ಟಿಯ ನೇಕಾರ ರಾಮಲಿಂಗಪ್ಪನಿಗೆ ದೇವರು ಕೈಗಿಂತ ಬಾಯನ್ನು ಧಾರಾಳವಾಗಿ ಕೊಟ್ಟಿದ್ದ. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದರೂ ಅವನ ರೀತಿ ಬದಲಾಗಲಿಲ್ಲ. ಗೇಣುದ್ದ ನೇಯ್ದರೆ ತಾಸುಗಟ್ಟಲೆ ಕಟ್ಟೆಯ ಮೇಲೆ ಹರಟೆ. "ನಿಮ್ಮ ಮಗ್ಗದಾಗ ಗುಬ್ಬಿ ಗೂಡು ಕಟ್ಟ್ಯಾವು. ಲಾಳಿ ಹೊಡದು ಅವುಗಳ ನಿದ್ದಿ ಕೆಡಸಬ್ಯಾಡ್ರಿ" ಎಂದು ಹೆಂಡತಿ ಅನಸವ್ವ ಚುಚ್ಚುತ್ತಿದ್ದಳು. ಅವನು ಅದನ್ನೂ ಕಟ್ಟೆಯ ಮೇಲೆ ಹೇಳಿ ನಗಿಸುತ್ತಿದ್ದ.

ಆ ವರ್ಷ ಮಳೆ ನಿಲ್ಲುವ ಹೊತ್ತಿಗೆ ಓಣಿಗೆ ಡೆಂಗ್ಯೂ ಹೊಕ್ಕಿತು. ಜನ ಅದನ್ನು ಎಲುಬುಮುರುಕ ಜ್ವರ ಎಂದರು. ಜ್ವರ ಬಿಟ್ಟರೂ ಕೀಲುನೋವು ಬಿಡುತ್ತಿರಲಿಲ್ಲ. ಜಮಖಂಡಿಯಿಂದ ಬಂದ ಸರಕಾರಿ ಡಾಕ್ಟರು, "ಸೊಳ್ಳಿ ನಿಮ್ಮ ನೀರಿನ ಹರವ್ಯಾಗ ಹುಟ್ಟತಾವರಿ. ವಾರಕ್ಕೊಮ್ಮೆ ಚೆಲ್ಲಿ ತಿಕ್ಕರಿ, ಹರವಿ ಬಾಯಿಗೆ ಬಟ್ಟಿ ಕಟ್ಟರಿ" ಎಂದರು.

"ಹೊತ್ತು ತಂದ ನೀರು ಚೆಲ್ಲಬೇಕಂತ! ಅವರು ಒಂದು ಕೊಡಾ ಹೊತ್ತು ನೋಡ್ಲಿ" ಎಂದು ಹೆಂಗಸರು ನಕ್ಕರು. ನಕ್ಕವರೂ ಅವರ ಗಂಡಂದಿರೂ ಒಬ್ಬರ ಹಿಂದೊಬ್ಬರು ಹಾಸಿಗೆ ಹಿಡಿದರು. ಓಣಿಯ ಮಗ್ಗಗಳೆಲ್ಲ ಸದ್ದಡಗಿದವು.

ಇಂಥ ಹೊತ್ತಿನಲ್ಲೇ ಮಗಳು ಮಾದೇವಿಯನ್ನು ನೋಡಲು ಮಹಾಲಿಂಗಪುರದಿಂದ ವರನ ತಂದೆ ಬಸಗೊಂಡಪ್ಪ ಬರುತ್ತಾನೆಂದು ಸುದ್ದಿ ಬಂತು. ಅವನೂ ನೇಕಾರ. ಮಗ್ಗದ ಸಪ್ಪಳವಿಲ್ಲದ ಓಣಿಯಿಂದ ಹೆಣ್ಣು ತರುವುದಿಲ್ಲ ಎಂಬ ಹಟದವನು. ಮಾದೇವಿಗೆ ಕೂಡಿಬಂದ ಸಂಬಂಧಗಳು ಮೊದಲೇ ಎರಡು ಸಲ ಮುರಿದಿದ್ದವು. ಇದೂ ಮುರಿದರೆ ಮಗಳಿಗೆ ಹೇಗೆ ಮುಖ ತೋರಿಸಲಿ ಎಂದು ರಾಮಲಿಂಗಪ್ಪ ಒದ್ದಾಡಿದ. ಅವನೂ ಆಗಷ್ಟೇ ಜ್ವರದಿಂದ ಎದ್ದಿದ್ದ.

"ಇದ್ದದ್ದು ಹೇಳಿಬಿಡ್ರಿ" ಎಂದಳು ಅನಸವ್ವ. "ಹೆಣ್ಣಿನ ಜೋಡಿ ಜ್ವರಾನೂ ಕೊಟ್ಟು ಕಳಿಸಿದಂಗ ಆಗಬಾರದು."

"ನೀ ಸುಮ್ಮನಿರು. ಓಣಿಗೆ ಓಣೀನ ಮಾತಾಡಸ್ತೇನಿ ನೋಡು."

ಬೀಗರು ಓಣಿಯ ತುದಿಯಲ್ಲಿ ಕಂಡದ್ದೇ ತಡ, ರಾಮಲಿಂಗಪ್ಪ ಮೊದಲ ಮನೆಗೆ ನುಗ್ಗಿ ಮಗ್ಗದ ಕೆಳಗಿನ ಕುಣಿಗೆ ಕಾಲಿಳಿಸಿ ಅದರ ಹಲಗೆಯನ್ನು ಖಟಖಟ ಬಡಿದ. ಕೌದಿಯೊಳಗಿಂದ ಮುದುಕ ನಿಂಗಣ್ಣ ಕೂಗಿದ: "ಲೇ ರಾಮಲಿಂಗ್ಯಾ, ಸೀರಿ ಹಾಳ ಮಾಡತಿ!"

"ಸೀರಿ ಮತ್ತ ನೇಯಬಹುದು ಕಾಕಾ, ಸಂಬಂಧ ಸಿಗೂದಿಲ್ಲ!"

ಬೀಗರು ಆ ಮನೆ ದಾಟುವಷ್ಟರಲ್ಲಿ ಅವನು ಹಿತ್ತಲ ಗೋಡೆ ಹಾರಿ ಮುಂದಿನ ಮನೆಯ ಮಗ್ಗದಲ್ಲಿದ್ದ. ಮೊಳಕಾಲು ಅಯ್ಯೋ ಎಂದರೂ ಬಿಡಲಿಲ್ಲ. ಹುಟ್ಟಿದಾಗಿನಿಂದ ಮಾಡದ ಕೆಲಸವನ್ನು ಒಂದೇ ಬೆಳಿಗ್ಗೆ ಮಾಡಿ ಮುಗಿಸಿ, ಬೀಗರಿಗಿಂತ ಮೊದಲೇ ಮನೆ ಸೇರಿ ಜಮಖಾನೆಯ ಮೇಲೆ ಏದುಸಿರು ಬಿಡುತ್ತ ಕೂತ.

ಬಸಗೊಂಡಪ್ಪ ಒಳಗೆ ಬಂದವನೇ ಕೇಳಿದ: "ನಿಮ್ಮ ಓಣ್ಯಾಗ ಮಗ್ಗ ಒಂದಾದ ಮ್ಯಾಲ ಒಂದು ನಡೀತಾವಲ್ಲರಿ. ಎಲ್ಲಾ ಕೂಡಿ ನಡಿಯೂದಿಲ್ಲೇನು?"

ಅನಸವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ರಾಮಲಿಂಗಪ್ಪನ ಧಾರಾಳದ ಬಾಯಿ ಅಂದು ಮೊದಲ ಸಲ ಕಟ್ಟಿತು. "ಕೂಡ್ರಿ ಬೀಗರ" ಎಂದಷ್ಟೇ ಅಂದ.

ಬಸಗೊಂಡಪ್ಪ ಕೂರಲಿಲ್ಲ. ಮಾದೇವಿ ಅವಲಕ್ಕಿ ತಂದಿಟ್ಟಳು, ಆಗಲೂ ಕೂರಲಿಲ್ಲ. ಮನೆಯಲ್ಲಿ ಕೂರದ ಬೀಗ ಸಂಬಂಧ ಬೇಡವೆಂದಂತೆಯೇ. ಬಾಗಿಲಲ್ಲಿ ನಿಂತ ಮಗಳ ಮುಖ ಬಾಡಿದ್ದನ್ನು ಕಂಡು ರಾಮಲಿಂಗಪ್ಪ ಕೂತಲ್ಲೇ ಕೈ ಮುಗಿದ.

"ಖರೇ ಹೇಳತೇನ್ರಿ" ಎಂದ. "ಓಣಿಗೆಲ್ಲಾ ಎಲುಬುಮುರುಕ ಜ್ವರ. ಅಷ್ಟೂ ಮಗ್ಗ ಬಡದಾಂವ ನಾನಽ. ಸುಳ್ಳು ನಂದು, ಹುಡುಗಿ ತಪ್ಪಿಲ್ಲ. ಅಕಿನ್ನ ಬಿಟ್ಟು ಹೋಗಬ್ಯಾಡ್ರಿ."

ಬಸಗೊಂಡಪ್ಪ ಅವನನ್ನೇ ದಿಟ್ಟಿಸಿದ. ಆಮೇಲೆ ಗೋಡೆ ಹಿಡಿದು, "ಯವ್ವಾ! ಎಪ್ಪಾ!" ಎನ್ನುತ್ತ ಅಂಗುಲ ಅಂಗುಲವಾಗಿ ಜಮಖಾನೆಗೆ ಇಳಿದ.

"ಕುಂತರ ಏಳಾಕ ಬರೂದಿಲ್ಲಂತ ನಿಂತಿದ್ದೆರಿ. ನಮ್ಮ ಊರಾಗೂ ಇದಽ ಜ್ವರಾ. ಗೊತ್ತಾದರ ನೀವು ಹೆಣ್ಣು ಕೊಡೂದಿಲ್ಲಂತ ಬಾಯಿ ಮುಚ್ಚಕೊಂಡು ಬಂದೇನಿ."

ಅನಸವ್ವ ಸೆರಗು ತೆಗೆದು ಮನೆ ತುಂಬ ನಕ್ಕಳು. ಬಸಗೊಂಡಪ್ಪ ಮುಷ್ಟಿ ಅವಲಕ್ಕಿ ಬಾಯಿಗೆ ಹಾಕಿಕೊಂಡ.

"ಬೀಗರ, ಹೆಣ್ಣು ಒಪ್ಪಿಗಿ ಆತು. ಈಗ ನನ್ನ ಎಬಸ್ರಿ."

ರಾಮಲಿಂಗಪ್ಪ ಸಂತೋಷದಿಂದ ಏಳಹೋದ. ಮೊಳಕಾಲು ಬರಲಿಲ್ಲ. ಕೊನೆಗೆ ಮಾದೇವಿಯೇ ಬಂದು, ಒಂದು ಕೈ ಅಪ್ಪನಿಗೆ, ಒಂದು ಕೈ ಮಾವನಿಗೆ ಕೊಟ್ಟು ಇಬ್ಬರನ್ನೂ ಎತ್ತಿ ನಿಲ್ಲಿಸಿದಳು.