ಕೋವಿ ಅಂಗಡಿಯವರು ರಿಪೇರಿ ಮಾಡಿದ ಗಡಿಯಾರ

ಕ್ವಾಲಾಲಂಪುರಕ್ಕೆ ಬಂದು ಮೂರನೆಯ ವಾರ. ಬೆಳಗ್ಗೆ ಹತ್ತರ ಸುಮಾರಿಗೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದೆ. ನಮ್ಮದು ಮಾಂಟ್ ಕಿಯಾರಾ ಬಡಾವಣೆಯಲ್ಲಿ ಹತ್ತೊಂಬತ್ತನೆಯ ಮಹಡಿ. ಕೆಳಗಿನಿಂದ ಢಂ ಎಂದು ಒಂದು ಸದ್ದು ಬಂತು. ಒಂದು ಉಸಿರು ಬಿಟ್ಟು ಇನ್ನೊಂದು. ಆಮೇಲೆ ಏನೂ ಇಲ್ಲ. ನಾನು ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು, ಹೊರಗೆ ಬಂದು ಗಂಡನನ್ನು ಕೇಳಿದೆ: “ಯಾರು ಹೋದ್ರಂತೆ?”

ಪ್ರಕಾಶ ಲ್ಯಾಪ್‌ಟಾಪಿನಿಂದ ತಲೆಯೆತ್ತಿ, “ಯಾರು, ಎಲ್ಲಿಗೆ ಹೋದ್ರು?” ಎಂದ. ಬೆಂಗಳೂರಿನವನು, ಅವನಿಗೇನು ಗೊತ್ತು.

ನಾನು ಹುಟ್ಟಿ ಬೆಳೆದದ್ದು ವಿರಾಜಪೇಟೆ. ಕೊಡಗಿನಲ್ಲಿ ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಸಾವಾದರೆ ಎರಡು. ಒಂದು ಸದ್ದು ಕೇಳಿದರೆ ನಾವು ಮಕ್ಕಳೆಲ್ಲ ಆಟ ನಿಲ್ಲಿಸಿ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯುತ್ತಿದ್ದೆವು. ಬಾರದಿದ್ದರೆ ಸಂತೋಷ. ಬಂದರೆ ಅಮ್ಮ ಒಲೆ ಆರಿಸಿ, ಯಾರ ಮನೆಯ ಕಡೆಯಿಂದ ಬಂತು ಎಂದು ವಿಚಾರಿಸಲು ಹೊರಡುತ್ತಿದ್ದಳು. ಆ ಎಣಿಕೆ ನನ್ನ ಜೊತೆ ವಿಮಾನ ಹತ್ತಿ ಬಂದಿತ್ತು.

ಕೆಳಗಿಳಿದು ನೋಡಿದರೆ ಚೀನೀ ಹೊಸ ವರ್ಷ. ಲಾಬಿಯೆದುರು ಸಿಂಹ ನೃತ್ಯ ಶುರುವಾಗುವ ಮೊದಲು ಎರಡು ದೊಡ್ಡ ಪಟಾಕಿ ಹೊಡೆದಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಲಾಬಿಯಲ್ಲಿ ಕೂರುವ ಹುಡುಗಿಗೆ, “ನಾನು ಕೋವಿಯ ಸದ್ದು ಅಂದುಕೊಂಡೆ. ನಮ್ಮಪ್ಪ ಕೋವಿ ರಿಪೇರಿ ಮಾಡುವವರು, ಅದಕ್ಕೆ” ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಅವಳ ಮುಖದ ನಗು ಹಾಗೇ ಇಂಗಿಹೋಯಿತು. ಮಾರನೆಯ ದಿನ ಕಟ್ಟಡದ ಆಫೀಸಿನಿಂದ ಕರೆ. ಬಹಳ ನಯವಾಗಿ, ನಮ್ಮ ಮನೆಯಲ್ಲಿ ಅವರಿಗೆ ತಿಳಿದಿರಬೇಕಾದ ವಸ್ತು ಏನಾದರೂ ಇದೆಯೇ ಎಂದು ಕೇಳಿದರು.

ಕೋವಿಯ ವಿಷಯದಲ್ಲಿ ಅಲ್ಲಿಗೂ ಇಲ್ಲಿಗೂ ಇರುವಷ್ಟು ದೂರ ಇನ್ನಾವುದರಲ್ಲೂ ಇಲ್ಲ. ಅಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಗಂಧ ಹಚ್ಚಿ, ಅದರ ಬಾಯಿಗೆ ತೋಕ್‌ಪೂ ಎಂಬ ಕೆಂಪು ಹಳದಿ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಹಬ್ಬಕ್ಕೆ ಹದಿನೈದು ದಿನ ಮೊದಲೇ ಅಪ್ಪನ ಅಂಗಡಿಯ ಜಗಲಿಯ ತುಂಬ ಕೋವಿಗಳು ಛತ್ರಿಗಳ ಹಾಗೆ ಒರಗಿರುತ್ತವೆ. ಇಲ್ಲಿ ಪರವಾನಗಿಯಿಲ್ಲದ ಕೋವಿ ಸಿಕ್ಕಿದರೆ ಸೆರೆಮನೆಯ ಜೊತೆಗೆ ಛಡಿಯೇಟು. ಪ್ರಕಾಶ ಇದನ್ನೆಲ್ಲ ಫೋನಿನಲ್ಲಿ ಓದಿ ನನಗೆ ಕೇಳಿಸಿ, “ನಿಮ್ಮಪ್ಪನ ಕೆಲಸ ಯಾರಿಗೂ ಹೇಳ್ಬೇಡ ಮಾರಾಯ್ತಿ. ವೀಸಾಗೆ ಕಲ್ಲು ಬೀಳತ್ತೆ” ಎಂದ. ಹೆದರಿಕೆಗೆ ನಾನೂ ತಲೆಯಾಡಿಸಿದೆ.

ಅದೇ ತಿಂಗಳು ಎದುರು ಮನೆಯ ರೊಹಾನಿಯವರ ಪರಿಚಯವಾಯಿತು. ಅರವತ್ತೈದು ದಾಟಿದ ಮಲಯ್ ಹೆಂಗಸು. ಅಂಥವರನ್ನು ಇಲ್ಲಿ ಮಕ್ ಚಿಕ್ ಎನ್ನುತ್ತಾರೆ, ನಮ್ಮ ಚಿಕ್ಕಮ್ಮನ ಹಾಗೆ. ಅವರ ಗಂಡ ಪಕ್ ಚಿಕ್. ಮೊದಲ ದಿನವೇ ಅವರು “ಸುದಾ ಮಕಾನ್?” ಎಂದು ಕೇಳಿದರು. ಊಟ ಆಯ್ತಾ ಎಂದು ಅರ್ಥ. ಪರದೇಶದಲ್ಲಿ ಮೊದಲ ಮಾತೇ ಊಟದ್ದಾದರೆ ಅರ್ಧ ಭಯ ಹೋಗುತ್ತದೆ. ಎರಡನೆಯ ಮಾತು, ನಿಮ್ಮ ತಂದೆ ಏನು ಮಾಡುತ್ತಾರೆ ಎಂದು. ನಾನು ಅವರ ಮನೆಯ ಗೋಡೆಯ ಕಡೆ ನೋಡಿದೆ. ಅಲ್ಲಿ ಅವರ ಅತ್ತೆಯ ಕಾಲದ, ಲೋಲಕದ ದೊಡ್ಡ ಗಡಿಯಾರ ನಿಂತುಹೋಗಿ ತೂಗುಬಿದ್ದಿತ್ತು. “ಗಡಿಯಾರ ರಿಪೇರಿ ಮಾಡ್ತಾರೆ” ಎಂದೆ. ಅದು ಎಷ್ಟು ಪೆದ್ದು ಸುಳ್ಳು ಎಂಬುದು ಆಗ ಹೊಳೆಯಲಿಲ್ಲ.

ಮೂರು ವರ್ಷ ಆ ಸುಳ್ಳಿನ ಮೇಲೆ ಹಾಯಾಗಿ ಬದುಕಿದೆ. ಮನೆ ಹೊಂದಿಸಿಕೊಂಡೆ. ಬೀದಿಬದಿಯ ಮಾಮಕ್, ಅಂದರೆ ತಮಿಳು ಮುಸ್ಲಿಮರ ತಿಂಡಿ ಅಂಗಡಿಯಲ್ಲಿ ರೊಟ್ಟಿ ‘ತಪಾವ್’ ಎಂದರೆ ಕಟ್ಟಿಕೊಡುತ್ತಾರೆ ಎಂದು ಕಲಿತೆ. ಬ್ರಿಕ್‌ಫೀಲ್ಡ್ಸಿನ ತಮಿಳು ಅಂಗಡಿಯಲ್ಲಿ ಅಕ್ಕಿತರಿ ಹುಡುಕಲು ಎರಡು ತಿಂಗಳು ಬೇಕಾಯಿತು. ಸಿಕ್ಕಿದ ದಿನ ಕಡಂಬಿಟ್ಟು ಮಾಡಿ ಮಕ್ ಚಿಕ್ ಮನೆಗೆ ಕೊಟ್ಟೆ. ಅವರು ಆ ಅಕ್ಕಿಯುಂಡೆಗಳನ್ನು ನೋಡಿ, ಇದು ನಮ್ಮ ಕೆತುಪಾತ್ ಅಲ್ಲವೇ, ಎಲೆಯ ಬಟ್ಟೆ ಬಿಚ್ಚಿ ಬಂದಿದೆ ಅಷ್ಟೇ, ಎಂದರು. ಕೆತುಪಾತ್ ಎಂದರೆ ತೆಂಗಿನ ಗರಿಯ ಪೊಟ್ಟಣದಲ್ಲಿ ಬೇಯಿಸಿದ ಅನ್ನ. ನನಗೆ ಜ್ವರ ಬಂದಾಗ ಅವರು ಗಂಜಿ ಕೊಟ್ಟರು. ನಾನು ಅವರ ಫೋನಿನ ಗೋಜಲುಗಳನ್ನೆಲ್ಲ ಬಿಡಿಸಿಕೊಟ್ಟೆ. ಅಪ್ಪ ಮಾತ್ರ ಆ ಮನೆಯಲ್ಲಿ ಗಡಿಯಾರದವರಾಗಿಯೇ ಉಳಿದರು.

ಅಪ್ಪನ ಕಸುಬು ನಾಚಿಕೆಪಡುವಂಥದ್ದೇನೂ ಅಲ್ಲ. ನಮ್ಮ ಮುತ್ತಜ್ಜ, ಅಂದರೆ ಅಪ್ಪನ ಅಜ್ಜ, ಮೈಸೂರಿನ ಪೇಟೆಬೀದಿಯಲ್ಲಿ ಟ್ರಂಕಿನ ಬೀಗ ರಿಪೇರಿ ಮಾಡುತ್ತಿದ್ದವರು. ಒಂದು ದಿನ ಕೊಡಗಿನ ಕಾಫಿ ತೋಟದ ದೊರೆಯೊಬ್ಬ ಬಂದು, “ಕೋವಿ ಕೆಲಸ ಬರುತ್ತದೆಯೇ?” ಎಂದು ಕೇಳಿದನಂತೆ. ಇವರು ಅಲ್ಲಿಯವರೆಗೆ ಕೋವಿಯನ್ನು ಕೈಯಿಂದ ಮುಟ್ಟಿದವರಲ್ಲ. “ಬರುತ್ತದೆ” ಎಂದರು. ಎತ್ತಿನ ಗಾಡಿಯಲ್ಲಿ ವಿರಾಜಪೇಟೆಗೆ ಬಂದು, ಕೋವಿ ಬಿಚ್ಚಿ, ಒಂದೊಂದು ತಿರುಪು ಕಳಚಿದಾಗಲೂ ಕಾಗದದ ಮೇಲೆ ಅದರ ಚಿತ್ರ ಬರೆದು, ಚಿತ್ರದ ಮೇಲೆಯೇ ತಿರುಪನ್ನು ಇಡುತ್ತ ಹೋದರಂತೆ. ಜೋಡಿಸುವಾಗ ಕೊನೆಯ ಚಿತ್ರದಿಂದ ಹಿಂದಕ್ಕೆ ಬಂದರು. ಮೂರು ದಿನ ಹಿಡಿಯಿತು. ಕೋವಿ ಸರಿಯಾಯಿತು, ಮುತ್ತಜ್ಜ ಅಲ್ಲೇ ಉಳಿದರು. ಆ ಕಾಗದ ಈಗಲೂ ಅಂಗಡಿಯಲ್ಲಿ ದೇವರ ಪಟದ ಪಕ್ಕ ಗಾಜಿನೊಳಗಿದೆ. ನಾಲ್ಕು ತಲೆಮಾರಾದರೂ ಊರಿನವರಿಗೆ ಅದು “ಮೈಸೂರಿನವರ ಕೋವಿ ಅಂಗಡಿ”. ಮೈಸೂರಿನಲ್ಲಿ ನಮ್ಮನ್ನು ಬಲ್ಲವರು ಒಬ್ಬರೂ ಇಲ್ಲ.

ಮುತ್ತಜ್ಜ ಮನೆಗೆ ಎರಡು ಕಟ್ಟಳೆ ಹಾಕಿದ್ದರು. ತೋರುಬೆರಳನ್ನು ಯಾರ ಕಡೆಗೂ ಚಾಚಬಾರದು. ಆ ಬೆರಳು ಕೋವಿಯ ಕುದುರೆ ಎಳೆದು ಗುಂಡು ಹಾರಿಸುವ ಬೆರಳು, ಮನುಷ್ಯರ ಕಡೆ ತಿರುಗಿದರೆ ಅದೇ ಅಭ್ಯಾಸವಾಗುತ್ತದೆ ಎಂದು. ಏನನ್ನಾದರೂ ತೋರಿಸಬೇಕಾದರೆ ಮುಷ್ಟಿ ಮಡಿಸಿ ಹೆಬ್ಬೆರಳಿನಿಂದ ತೋರಿಸಬೇಕು. ಇನ್ನೊಂದು, ಕೊಳವೆಯಂಥದ್ದು ಯಾವುದು ಕೈಗೆ ಬಂದರೂ, ಅದು ಊದುಕೊಳವೆಯೇ ಆಗಲಿ, ಮೊದಲು ಬಾಯಿಯನ್ನು ಗೋಡೆಗೆ ತಿರುಗಿಸಿ ಒಳಗೇನಿದೆ ಎಂದು ನೋಡಬೇಕು. ತಪ್ಪಿದರೆ ಗೆಣ್ಣಿನ ಮೇಲೆ ಏಟು. ನನ್ನ ಗೆಣ್ಣುಗಳಿಗೂ ಅದರ ನೆನಪಿದೆ.

ಕಳೆದ ಹರಿ ರಾಯಕ್ಕೆ, ಅಂದರೆ ಇಲ್ಲಿನ ರಂಜಾನ್ ಹಬ್ಬದ ಹೊತ್ತಿಗೆ, ಅಪ್ಪ ಬಂದರು. ಮಳೆಗಾಲಕ್ಕೆ ಮೊದಲು ಅಂಗಡಿಯಲ್ಲಿ ಕೆಲಸ ಕಡಿಮೆ. ಅಮ್ಮನಿಗೆ ಅಕ್ಕನ ಬಾಣಂತನವಿತ್ತು. ಹಬ್ಬದ ದಿನ ಮಕ್ ಚಿಕ್ ಮನೆಗೆ ಎಲ್ಲರೂ ಹೋದೆವು. ಅಪ್ಪ ಅವರ ಮೊಮ್ಮಕ್ಕಳ ಫೋಟೋ ನೋಡುತ್ತ ಇದು ಯಾರು, ಅದು ಯಾರು ಎಂದು ಹೆಬ್ಬೆರಳಿನಿಂದ ತೋರಿಸಿ ಕೇಳಿದರು. ಮಕ್ ಚಿಕ್ ಕಣ್ಣರಳಿಸಿದರು. ಮಲಯ್ ಜನರಲ್ಲೂ ಬೆರಳು ಚಾಚುವುದು ಒರಟುತನ, ಹೆಬ್ಬೆರಳಿನಿಂದ ತೋರಿಸುವುದೇ ಮರ್ಯಾದೆ. “ನೋಡಿ ಲಾ, ನನ್ನ ಮಕ್ಕಳಿಗೇ ಮರೆತುಹೋಗಿದೆ. ಇಂಡಿಯಾದಿಂದ ಬಂದವರಿಗೆ ನಮ್ಮ ಸಂಸ್ಕಾರ ಗೊತ್ತು” ಎಂದು, ಇಲ್ಲಿನವರ ರೂಢಿಯಂತೆ ಮಾತಿಗೊಂದು ‘ಲಾ’ ಸೇರಿಸಿ, ಗಂಡನಿಗೆ ಹೇಳಿದರು. ಅಪ್ಪನಿಗೆ ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅವರು ನಾಚಿಕೊಂಡರು.

ಆಮೇಲೆ ಲೆಮಾಂಗ್ ಬಂತು. ತೆಂಗಿನ ಹಾಲು ಹಾಕಿದ ಅಂಟಕ್ಕಿಯನ್ನು ಬಿದಿರಿನ ಕೊಳವೆಯಲ್ಲಿ ತುಂಬಿ ಬೆಂಕಿಯ ಬದಿಯಲ್ಲಿ ಬೇಯಿಸುವ ಹಬ್ಬದ ಅಡುಗೆ. ಪಕ್ ಚಿಕ್ ಮೊಳದುದ್ದದ ಕೊಳವೆಯೊಂದನ್ನು ಅಪ್ಪನ ಕೈಗಿತ್ತರು. ಅಪ್ಪ ಅದನ್ನು ತೆಗೆದುಕೊಂಡವರೇ ಬಾಯಿಯನ್ನು ಗೋಡೆಗೆ ತಿರುಗಿಸಿ, ತೋರುಬೆರಳನ್ನು ಬಿದಿರಿನ ಉದ್ದಕ್ಕೆ ನೆಟ್ಟಗೆ ಇಟ್ಟು, ಪಕ್ಕದಿಂದ ಬಗ್ಗಿ ಒಳಗೆ ನೋಡಿದರು. ಎಲ್ಲರೂ ನಕ್ಕರು. ಪಕ್ ಚಿಕ್ ನಗಲಿಲ್ಲ. ಅವರು ಅರಣ್ಯ ಇಲಾಖೆಯಿಂದ ನಿವೃತ್ತರಾದವರು. ಅಪ್ಪನ ಕೈಯನ್ನೇ ನೋಡುತ್ತ ಕೂತರು.

ಎರಡು ದಿನ ಬಿಟ್ಟು ಮಕ್ ಚಿಕ್ ಹಳೆಯ ಗಡಿಯಾರವನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದು ನಮ್ಮ ಊಟದ ಮೇಜಿನ ಮೇಲಿಟ್ಟರು. “ನಿಮ್ಮ ತಂದೆ ಹೇಗೂ ಬಂದಿದ್ದಾರಲ್ಲ” ಎಂದರು. ಅವರು ಹೋದ ಮೇಲೆ ಅಪ್ಪ ಕೇಳಿದರು:

“ಎಂತಕ್ಕೆ ತಂದಿಟ್ರು ಇದು?”

“ರಿಪೇರಿಗೆ ಅಪ್ಪ.”

“ನನ್ಹತ್ರ ಎಂತಕ್ಕೆ?”

ಹೇಳಲೇಬೇಕಾಯಿತು. ಬೈಯುತ್ತಾರೆ ಎಂದುಕೊಂಡೆ. ಅಪ್ಪ ಬೈಯಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋದರು.

“ನಮ್ಮಜ್ಜ ಗೊತ್ತಿಲ್ಲದ ಕೆಲಸ ಗೊತ್ತುಂಟು ಅಂತ ಸುಳ್ಳು ಹೇಳಿದ್ರು ಪುಟ್ಟಿ” ಎಂದರು. “ಹೇಳಿದ್ಮೇಲೆ ಕಲ್ತ್ರು. ನೀನು ಗೊತ್ತಿರೋ ಕೆಲಸನ ಇಲ್ಲ ಅಂದುಬಿಟ್ಟೆ. ಮೂರು ವರ್ಷ ಅವರ ಮನೇಲಿ ಉಂಡಿದ್ದೀಯಲ್ಲ.”

“ಇಲ್ಲಿ ಜನ ಹೆದರ್ತಾರೆ ಅಪ್ಪ. ಪ್ರಕಾಶನ ಕೆಲಸಕ್ಕೆ ತೊಂದ್ರೆ ಆಗ್ಬಹುದು.”

“ಹೆದರ್ಲಿ. ಹೆದರೋದು ಒಳ್ಳೇದೇ, ನಾನೂ ಹೆದರ್ಕೊಂಡೇ ಕೆಲಸ ಮಾಡೋದು. ಆದ್ರೆ ಇದು ಯಾರ ಕೈ ಅಂತ ಅವರಿಗೆ ಹೇಳು. ಆಮೇಲೆ ಬೇಕಾದ್ರೆ ಬಿಚ್ಚಿ ನೋಡ್ತೇನೆ. ಬೇರೆಯವರ ಹೆಸ್ರಲ್ಲಿ ನಾನು ತಿರುಪು ಮುಟ್ಟೋದಿಲ್ಲ.”

ಗಡಿಯಾರ ಎರಡು ದಿನ ಮೇಜಿನ ಮೇಲೆಯೇ ಬಿದ್ದಿತ್ತು. ಅದರ ಪಕ್ಕದಲ್ಲಿ ಕೂತು ಊಟ ಮಾಡಿದೆವು. ಅಪ್ಪ ನನ್ನೊಡನೆ ಸಾರು ಬಡಿಸು, ಉಪ್ಪು ಕೊಡು ಎಂಬುದರ ಆಚೆಗೆ ಮಾತಾಡಲಿಲ್ಲ. ಪ್ರಕಾಶ ಮೊದಲ ದಿನ ಬೇಡವೇ ಬೇಡ ಎಂದ. ಎರಡನೆಯ ದಿನ, ಮಾವನ ಮುಖ ನೋಡಲಾರದೆ, “ಹೋಗಿ ಹೇಳ್ಬಿಡು, ಏನಾಗತ್ತೋ ನೋಡೋಣ” ಎಂದ. ನನಗೆ ನಿಜವಾದ ಹೆದರಿಕೆ ಆಫೀಸಿನವರದಾಗಲಿ ವೀಸಾದ್ದಾಗಲಿ ಆಗಿರಲಿಲ್ಲ. ಈ ದೇಶದಲ್ಲಿ ನನ್ನನ್ನು ಊಟ ಆಯ್ತಾ ಎಂದು ಕೇಳುವ ಒಬ್ಬಳೇ ಹೆಂಗಸು ನಾಳೆಯಿಂದ ಬಾಗಿಲು ಹಾಕಿಕೊಂಡರೆ ಏನು ಮಾಡುವುದು ಎಂಬುದಾಗಿತ್ತು.

ಹೋದೆ. ಚಪ್ಪಲಿ ಹೊರಗೆ ಬಿಟ್ಟು, ಕುರ್ಚಿಯ ಅಂಚಿನಲ್ಲಿ ಕೂತು, ಎಲ್ಲ ಹೇಳಿದೆ. ಮೈಸೂರಿನ ಬೀಗ, ದೊರೆಯ ಕೋವಿ, ತೋಕ್‌ಪೂ, ಎರಡು ಪಟಾಕಿ, ಯಾವುದನ್ನೂ ಬಿಡಲಿಲ್ಲ. ಪಕ್ ಚಿಕ್ ಪತ್ರಿಕೆ ಮಡಿಸಿ ಪಕ್ಕಕ್ಕಿಟ್ಟರು.

“ಲೆಮಾಂಗ್ ಕೊಟ್ಟ ದಿನವೇ ನನಗೆ ಗೊತ್ತಾಯಿತು ಲಾ” ಎಂದರು. “ಗಡಿಯಾರದವನು ಬಿದಿರಿನ ಬಾಯಿಯನ್ನು ಗೋಡೆಗೆ ತಿರುಗಿಸುವುದಿಲ್ಲ. ನಮ್ಮ ಕಾಡಿನಲ್ಲಿ ಹುಡುಗರಿಗೆ ಇದನ್ನು ಕಲಿಸಲು ನನಗೆ ವರ್ಷಗಳು ಬೇಕಾದವು. ನಿಮ್ಮ ತಂದೆ ಒಳ್ಳೆಯ ಕೆಲಸಗಾರ.”

ಮಕ್ ಚಿಕ್ ಎದ್ದು ಅಡುಗೆಮನೆಗೆ ಹೋದರು. ಒಳಗೆ ಪಾತ್ರೆಗಳ ಸದ್ದು ಬೇಕಾದ್ದಕ್ಕಿಂತ ಜೋರಾಗಿ ಕೇಳಿಸಿತು. ಆಮೇಲೆ ಹೊರಗೆ ಬಂದು ಬಾಗಿಲಲ್ಲಿ ನಿಂತರು.

“ಕೋವಿಗೆ ನಾನು ಹೆದರುವುದಿಲ್ಲ, ಇವರ ಕೋವಿ ಮೂವತ್ತು ವರ್ಷ ನೋಡಿದ್ದೇನೆ. ನಿನ್ನನ್ನು ಮಗಳು ಎಂದುಕೊಂಡಿದ್ದೆ. ಮಗಳು ಅಪ್ಪನನ್ನು ಬಚ್ಚಿಡುತ್ತಾಳೆಯೇ?”

ನನಗೆ ಅಳು ಬಂತು. ಮುಚ್ಚಿಕೊಳ್ಳದೆ ಅತ್ತೆ. ಅವರು ಟಿಶ್ಯೂ ಡಬ್ಬಿಯನ್ನು ನನ್ನ ಕಡೆ ತಳ್ಳಿ, ಇನ್ನೂ ಸಿಟ್ಟಿನಲ್ಲೇ ಕೇಳಿದರು: “ಸುದಾ ಮಕಾನ್?”

ಅಪ್ಪ ಮಾರನೆಯ ದಿನ ಬೆಳಗ್ಗೆಯೇ ಕೆಲಸಕ್ಕೆ ಕೂತರು. ಬ್ರಿಕ್‌ಫೀಲ್ಡ್ಸಿನಿಂದ ಹೊಲಿಗೆ ಯಂತ್ರದ ಎಣ್ಣೆ ತರಿಸಿದರು. ನಾನು ತಂದ ಸ್ಕ್ರೂಡ್ರೈವರಿನ ತುದಿ ದಪ್ಪವಾಯಿತೆಂದು ಪಿಂಗಾಣಿಯ ಕಾಫಿ ಲೋಟವನ್ನು ಬೋರಲು ಹಾಕಿ, ಅದರ ತಳದ ಒರಟು ಅಂಚಿನ ಮೇಲೆ ತಿರುಪಿನ ಸೀಳಿಗೆ ಸರಿಹೊಂದುವ ತನಕ ಉಜ್ಜಿದರು. ಆಮೇಲೆ ಒಂದು ಬಿಳಿ ಹಾಳೆ ಕೇಳಿದರು. ಒಂದೊಂದೇ ತಿರುಪು ಕಳಚಿ, ಹಾಳೆಯ ಮೇಲೆ ಅದರ ಚಿತ್ರ ಬರೆದು, ಚಿತ್ರದ ಮೇಲೆ ಅದನ್ನು ಇಟ್ಟರು. ಎಪ್ಪತ್ತರ ಮನುಷ್ಯ, ಗೊತ್ತಿಲ್ಲದ ಕೆಲಸದ ಮುಂದೆ ಮೊದಲ ದಿನದ ಶಿಷ್ಯನಂತೆ ಬಗ್ಗಿ ಕೂತದ್ದನ್ನು ನೋಡಿ ನನಗೆ ಅಪ್ಪನ ಮೇಲೆ ಉಕ್ಕಿದ ಪ್ರೀತಿ ಅಷ್ಟಿಷ್ಟಲ್ಲ. ಪಕ್ ಚಿಕ್ ಪಕ್ಕದಲ್ಲಿ ಕೂತು ಟಾರ್ಚು ಹಿಡಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಹೆಬ್ಬೆರಳುಗಳಲ್ಲೇ ಮಾತು ನಡೆಯಿತು.

“ಸ್ಪ್ರಿಂಗ್ ಸತ್ತಿಲ್ಲ. ಹಳೇ ಎಣ್ಣೆ ಅಂಟಾಗಿ ಹಿಡ್ಕೊಂಡಿದೆ ಅಷ್ಟೆ” ಎಂದರು ಅಪ್ಪ.

ಜೋಡಿಸಿದ ಗಡಿಯಾರ ಮೊದಲ ಸಲ ಮಧ್ಯಾಹ್ನ ಎರಡಕ್ಕೆ ಏಳು ಬಾರಿ ಹೊಡೆಯಿತು. ಮಕ್ ಚಿಕ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪ ಮುಖ ಗಂಟಿಕ್ಕಿ ಮತ್ತೆ ಬಿಚ್ಚಿದರು. ಮೂರನೆಯ ದಿನ ಸರಿಯಾಯಿತು.

ಅಪ್ಪನನ್ನು ವಿಮಾನ ನಿಲ್ದಾಣಕ್ಕೆ ಬಿಡಲು ಪಕ್ ಚಿಕ್ ತಾವೇ ಕಾರು ತೆಗೆದರು. ದಾರಿಯಲ್ಲಿ ಅಪ್ಪ ಹೇಳಿದರು: “ನಾಲ್ಕು ತಲೆ ಆದ್ರೂ ನಮ್ಮನ್ನ ಮೈಸೂರಿನವರು ಅಂತಾರೆ. ನಿನ್ನನ್ನೂ ಇಲ್ಲಿ ಎಲ್ಲಿಯವಳೋ ಅಂತಾನೇ ಅಂತಾರೆ. ಅಂದ್ಕೊಳ್ಲಿ. ಆ ಹೆಸರು ಹೇಳಿದ್ರೆ ಜನ ನಂಬ್ಕೊಂಡು ಕೆಲಸ ತಂದ್ಕೊಡೋ ಹಾಗಿರ್ಬೇಕು.” ಈಗ ಲಿಫ್ಟಿನಲ್ಲಿ ಯಾರಾದರೂ ಹೊಸಬರು ಸಿಕ್ಕಿದರೆ ಪಕ್ ಚಿಕ್ ನನ್ನನ್ನು ಹೆಬ್ಬೆರಳಿನಿಂದ ತೋರಿಸಿ, “ಕೋವಿ ಅಂಗಡಿಯವರ ಮಗಳು” ಎಂದು ಪರಿಚಯಿಸುತ್ತಾರೆ. ಹೊಸಬರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಆಮೇಲೆ ಕಥೆ ಕೇಳುತ್ತಾರೆ. ಕಟ್ಟಡದ ಆಫೀಸಿನವರೂ ಕೇಳಿ, ತಮ್ಮಲ್ಲಿರುವ ಒಂದು ಹಳೆಯ ಬೀಗದ ಬಗ್ಗೆ ವಿಚಾರಿಸಿದರು. ವಿರಾಜಪೇಟೆಯಲ್ಲಿ ನಾನು ಮೈಸೂರಿನವಳು, ಇಲ್ಲಿ ವಿರಾಜಪೇಟೆಯವಳು.

ಮಧ್ಯಾಹ್ನದ ಹೊತ್ತು ಮಕ್ ಚಿಕ್ ಗಾಳಿಗೆಂದು ಮರದ ಬಾಗಿಲು ತೆರೆದು ಜಾಲರಿ ಬಾಗಿಲು ಮಾತ್ರ ಹಾಕಿರುತ್ತಾರೆ. ನಾನೂ ಹಾಗೆಯೇ. ಎರಡು ಗಂಟೆಗೆ ಆ ಗಡಿಯಾರ ಹೊಡೆಯುವುದು ನನ್ನ ಅಡುಗೆಮನೆಗೆ ಕೇಳಿಸುತ್ತದೆ. ಒಂದು. ಕೈ ನಿಲ್ಲುತ್ತದೆ, ಕಾಯುತ್ತೇನೆ. ಎರಡು. ಗಡಿಯಾರವೆಂದು ಗೊತ್ತಿದ್ದೂ, ಊರಿನ ಆ ಎಣಿಕೆ ಬಿಡದೆ, ದಿನವೂ ಕೈ ಒರೆಸಿಕೊಂಡು ವಿರಾಜಪೇಟೆಗೆ ಫೋನ್ ಮಾಡುತ್ತೇನೆ. ಅಲ್ಲಿ ಆಗ ಹನ್ನೊಂದೂವರೆ, ಅಪ್ಪ ಅಂಗಡಿಯಲ್ಲಿರುತ್ತಾರೆ. ಎಣ್ಣೆಗೈ ಒರೆಸಿಕೊಂಡು ಎತ್ತಲು ಅವರಿಗೆ ಸ್ವಲ್ಪ ಹೊತ್ತು ಬೇಕು. ಆ ಸ್ವಲ್ಪ ಹೊತ್ತು ನಾನು ಉಸಿರು ಬಿಡುವುದಿಲ್ಲ.

“ಎಷ್ಟು ಹೊಡೀತು?” ಎಂದು ಕೇಳುತ್ತಾರೆ.

“ಎರಡು, ಅಪ್ಪ.”

“ಹಾಗಾದ್ರೆ ಸರಿ ಉಂಟು” ಎನ್ನುತ್ತಾರೆ.